ಕೊನೆಯ ಗೋಷ್ಠಿಗೆ ಮೊದಲೇ ಏಳುವವರು

ವಿಜಯಪುರದಲ್ಲಿ 2003ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಶುರುವಾದ ಮೇಲೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹೆಣ್ಣುಮಕ್ಕಳಿಗೆ ಪಿಎಚ್.ಡಿ. ದೂರದ ಮಾತಾಗಿ ಉಳಿದಿಲ್ಲ. ದೇಶದಲ್ಲಿ 2014-15ರಲ್ಲಿ ಸುಮಾರು 48 ಸಾವಿರ ಇದ್ದ ಮಹಿಳಾ ಸಂಶೋಧನಾರ್ಥಿಗಳು 2021-22ಕ್ಕೆ 99 ಸಾವಿರ ಮುಟ್ಟಿದರು ಎನ್ನುತ್ತದೆ ಕೇಂದ್ರದ ಉನ್ನತ ಶಿಕ್ಷಣ ಸಮೀಕ್ಷೆ. ಸಂತೋಷ. ಪದವಿ ಕೈಗೆ ಬಂದ ಮೇಲಿನ ದಾರಿ ಮಾತ್ರ ಇಕ್ಕಟ್ಟಾಗುತ್ತಿದೆ.

ಯಾವುದಾದರೂ ವಿಚಾರ ಸಂಕಿರಣಕ್ಕೆ ಹೋಗಿ ನೋಡಿ. ಐದಕ್ಕೆಂದ ಸಮಾರೋಪ ಹಾರ, ಶಾಲು, ಸನ್ಮಾನ ದಾಟಿ ಮುಗಿಯುವಾಗ ಆರೂವರೆ. ಮುದ್ದೇಬಿಹಾಳದಿಂದ ಬಂದ ಅತಿಥಿ ಉಪನ್ಯಾಸಕಿ ನಾಲ್ಕೂವರೆಗೇ ಸರ್ಟಿಫಿಕೇಟ್ ಕೇಳಿ ಇಸಿದುಕೊಂಡು ಬಸ್‌ಸ್ಟ್ಯಾಂಡಿಗೆ ಓಡಿರುತ್ತಾರೆ. ಮನೆಯಲ್ಲಿ ಮಗು ಕಾಯುತ್ತಿದೆ, ಹೋಗಿ ರೊಟ್ಟಿ ಬಡಿಯಬೇಕು. ಶಕ್ತಿ ಯೋಜನೆ ಟಿಕೆಟ್ ದುಡ್ಡು ಉಳಿಸಿತು, ಹೊತ್ತು ಉಳಿಸಲಿಲ್ಲ. ಅವರು ಹೋದ ಮೇಲೆ ಚಾದಂಗಡಿಯಲ್ಲಿ, ರಾತ್ರಿ ಊಟದಲ್ಲಿ ಅಸಲಿ ಗೋಷ್ಠಿ. ಸಂಪಾದಿತ ಪುಸ್ತಕಕ್ಕೆ ಯಾರ ಲೇಖನ, ಮುಂದಿನ ಸಲ ಸಂಪನ್ಮೂಲ ವ್ಯಕ್ತಿ ಯಾರು, ಪಠ್ಯ ಸಮಿತಿಗೆ ಯಾರ ಹೆಸರು, ಎಲ್ಲ ಬಾಯಿಮಾತಿನಲ್ಲೇ ಇತ್ಯರ್ಥ. ಎದುರಿಗಿಲ್ಲದವರ ಹೆಸರು ಯಾರಿಗೂ ನೆನಪಾಗುವುದಿಲ್ಲ. ಉಳಿದು ಊಟಕ್ಕೆ ಕೂತ ಹೆಂಗಸಿನ ಬಗ್ಗೆ ಮರುದಿನ ಸ್ಟಾಫ್‌ರೂಮಿನಲ್ಲಿ ಏನು ಮಾತು ಏಳುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಗೆಳೆತನದ ಬಲ ಏನೆಂದು ಈ ನೆಲಕ್ಕೆ ಗೊತ್ತು. ಇಂಡಿ ಸೀಮೆಯ ಹಲಸಂಗಿಯ ಗೆಳೆಯರು ಕೂಡಿ ದುಡಿದು 1931ರಲ್ಲಿ ‘ಗರತಿಯ ಹಾಡು’ ಎಂಬ ಜನಪದ ಹಾಡುಗಳ ಸಂಕಲನ ತಂದರು. ಆ ಕೆಲಸದ ಬಗ್ಗೆ ಗೌರವವಿದೆ. ಆದರೂ ಹಾಡಿದವರು ಹೆಂಗಸರು, ಪುಸ್ತಕದ ಮೇಲೆ ಬಂದದ್ದು ಗಂಡಸರ ಹೆಸರು.

ಯುಜಿಸಿ ಮಹಿಳೆಯರಿಗೆ ಪಿಎಚ್.ಡಿ. ಮುಗಿಸಲು 2 ವರ್ಷ ಹೆಚ್ಚು ಕೊಟ್ಟಿದೆ, 240 ದಿನಗಳವರೆಗೆ ಹೆರಿಗೆ, ಶಿಶುಪಾಲನೆಯ ರಜೆಯನ್ನೂ ಕೊಟ್ಟಿದೆ. ಆ ದಿನಗಳಲ್ಲಿ ತಪ್ಪಿಹೋದ ಪರಿಚಯಗಳನ್ನು ಯಾವ ನಿಯಮ ಕೂಡಿಸಿಕೊಟ್ಟೀತು? ಗೈಡ್ ಆಗಬೇಕಾದರೆ ಕಾಯಂ ಹುದ್ದೆಯೂ ಬೇಕು, ಪ್ರಕಟಿತ ಲೇಖನಗಳೂ ಬೇಕು. ಇಂದು ಡಾಕ್ಟರೇಟ್ ಪಡೆದವರು ಅತಿಥಿಗಳಾಗಿಯೇ ಉಳಿದರೆ ಇನ್ನು ಹತ್ತು ವರ್ಷಕ್ಕೆ ಸಿಂದಗಿಯ ಹುಡುಗಿಗೆ ಮಹಿಳಾ ಗೈಡ್ ಸಿಗುವುದು ಕಷ್ಟ.

ಪ್ರಾಚಾರ್ಯರೇ, ವಿಭಾಗದ ಮುಖ್ಯಸ್ಥರೇ, ಸಂಕಿರಣವನ್ನು ಮೂರಕ್ಕೆ ಮುಗಿಸಿ. ಲೇಖನಕ್ಕೆ, ಉಪನ್ಯಾಸಕ್ಕೆ ಲಿಖಿತ ಪ್ರಕಟಣೆ ಹೊರಡಿಸಿ ಹೆಸರು ಕರೆಯಿರಿ, ಅದು ಅತಿಥಿ ಉಪನ್ಯಾಸಕಿಯರಿಗೂ ಮುಟ್ಟಲಿ. ವರ್ಷಕ್ಕೊಂದು ಸಭೆಯನ್ನಾದರೂ ಇಂಡಿಯಲ್ಲೋ ಬಾಗೇವಾಡಿಯಲ್ಲೋ ಹಗಲು ಹೊತ್ತಿನಲ್ಲಿ ನಡೆಸಿ.