ದೊಡ್ಡ ಡಬ್ಬಿಗೆ ಕೈ ಹಾಕುವ ಮುನ್ನ



ಕಳೆದ ಸಲ ಉಳಿತಾಯದ ಬಗ್ಗೆ ಬರೆದಿದ್ದನ್ನು ಓದಿ ನಮ್ಮ ಓಣಿಯ ಗೆಳತಿಯೊಬ್ಬಳು ಕೇಳಿದಳು: “ಉಳಿಸೋದು ಗೊತ್ತೈತ್ರೀ ಅಕ್ಕಾರ, ಉಳಿಸಿದ ರೊಕ್ಕ ಹತ್ತು-ಹದಿನೈದು ವರ್ಷ ಮುಟ್ಟದ ಇರೋದು ಹೆಂಗ?” ನಾನೇನು ಪಂಡಿತೆಯಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ, ಮದುವೆಯಾಗಿ ಬೈರಿದೇವರಕೊಪ್ಪಕ್ಕೆ ಬಂದವಳು. ಆದರೆ ಈ ವಿಷಯದಲ್ಲಿ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಅದನ್ನೇ ಹೇಳುತ್ತೇನೆ.

2015ರಲ್ಲಿ ಮಗಳ ಮುಂದಿನ ಓದಿಗೆಂದು ಮ್ಯೂಚುವಲ್ ಫಂಡಿನಲ್ಲಿ ತಿಂಗಳಿಗೆ 1,500 ರೂಪಾಯಿ ಕಟ್ಟತೊಡಗಿದೆ. ಐದು ವರ್ಷ ಒಂದು ಕಂತೂ ತಪ್ಪಿಸಲಿಲ್ಲ. ಒಟ್ಟು 90,000 ಆಯಿತು. ಅಷ್ಟರಲ್ಲಿ 2020ರ ಮಾರ್ಚ್ ಬಂತು, ಕೊರೊನಾ ಬಂತು, ನಮ್ಮವರ ಅಂಗಡಿಗೆ ಬೀಗ ಬಿತ್ತು. ಮಾರ್ಚ್ 23ರಂದು ಒಂದೇ ದಿನ ಸೆನ್ಸೆಕ್ಸ್ 3,900 ಅಂಕಗಳಿಗೂ ಹೆಚ್ಚು ಕುಸಿದು 26,000ದ ಕೆಳಗಿಳಿಯಿತು. ನನ್ನ 90,000 ನೋಡಿದರೆ 68,000! ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ. ಉಳಿದದ್ದಾದರೂ ಉಳಿಯಲಿ ಎಂದು ಅಷ್ಟನ್ನೂ ತೆಗೆಸಿಬಿಟ್ಟೆ. “ಯವ್ವಾ, ಮನ್ಯಾಗ ಜ್ವಾಳ ಐತಿ, ಬ್ಯಾಳಿ ಐತಿ. ಬೇಕಾದಷ್ಟ ತಗಿ, ಎಲ್ಲಾ ಯಾಕ ತಗೀತಿ?” ಎಂದು ಅತ್ತೆಯವರು ಹೇಳಿದರು. ಷೇರುಪೇಟೆ ಅಂದರೇನೆಂದು ಅರಿಯದ ಹಿರಿಯರ ಮಾತು ಅಂತ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುವರ್ಷ ಜನವರಿಯಲ್ಲಿ ಅದೇ ಸೆನ್ಸೆಕ್ಸ್ 50,000 ಮುಟ್ಟಿತು.

ಆ ಕಷ್ಟದ ತಿಂಗಳುಗಳಲ್ಲಿ ಮನೆಗೆ ನಿಜವಾಗಿ ಬೇಕಾದದ್ದು 20,000 ಮಾತ್ರ. ಉಳಿದ 48,000 ಪಾಸ್‌ಬುಕ್ಕಿನಲ್ಲಿ ಕುಳಿತು, ಒಂದು ಫ್ರಿಜ್ ಆಯಿತು, ತವರಿನ ಜವಳಕ್ಕೆ ಸೀರೆಯಾಯಿತು, ಇನ್ನುಳಿದದ್ದು ಹೇಗೆ ಕರಗಿತೋ ಗೊತ್ತೇ ಆಗಲಿಲ್ಲ. ಮಗಳು ಈಗ ಇಂಜಿನಿಯರಿಂಗ್ ಓದುತ್ತಿದ್ದಾಳೆ, ಬ್ಯಾಂಕಿನ ಸಾಲದ ಮೇಲೆ. ಅವಳಿನ್ನೂ ನನ್ನನ್ನು ಏನೂ ಕೇಳಿಲ್ಲ.

ನನಗೆ ಧೈರ್ಯ ಸಾಲಲಿಲ್ಲ ಎಂದೇ ಬಹಳ ದಿನ ಅಂದುಕೊಂಡಿದ್ದೆ. ಹಾಗಲ್ಲ. ಅಂದು ಮನೆಯಲ್ಲಿದ್ದ ನಗದು ಬರೀ 4,000. ಮಿಕ್ಕಿದ್ದೆಲ್ಲ ಆ ಒಂದೇ ಕಡೆ. ಸಣ್ಣ ಡಬ್ಬಿ ಖಾಲಿಯಿದ್ದರೆ ಕೈ ದೊಡ್ಡ ಡಬ್ಬಿಗೇ ಹೋಗುತ್ತದೆ, ಅಲ್ಲವೇ? ಅದಕ್ಕೇ ಮೊದಲು ಆರು ತಿಂಗಳ ಮನೆಖರ್ಚು ಬೇರೆ ತೆಗೆದಿಡಿ, ಬ್ಯಾಂಕಿನಲ್ಲಿರಲಿ, ಪಿಗ್ಮಿಯಲ್ಲಿರಲಿ. (ಪಿಗ್ಮಿ ನಮ್ಮ ಕರ್ನಾಟಕದ್ದೇ ನೋಡಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಬ್ಯಾಂಕು 1928ರಲ್ಲಿ ಶುರುಮಾಡಿದ್ದು, ದಿನಕ್ಕೆ ಎರಡಾಣೆಯನ್ನೂ ಮನೆ ಬಾಗಿಲಿಗೆ ಬಂದು ಒಯ್ಯುತ್ತಿದ್ದರು.) ಅದು ತುಂಬಿದ ಮೇಲೆಯೇ ದೊಡ್ಡ ಡಬ್ಬಿ.

ದೊಡ್ಡ ಡಬ್ಬಿಯನ್ನು ಯಾಕೆ ಮುಟ್ಟಬಾರದು ಎನ್ನುವುದಕ್ಕೆ ಒಂದು ಲೆಕ್ಕ. ಪೇಟೆಯ ಏರಿಳಿತ ಬೇಡವೆನ್ನುವವರಿಗೆ ಅಂಚೆ ಕಚೇರಿಯ ಪಿ.ಪಿ.ಎಫ್. ಇದೆಯಲ್ಲ, ಅದನ್ನೇ ಹಿಡಿಯೋಣ. 2020ರ ಏಪ್ರಿಲ್‌ನಲ್ಲಿ ನಿಗದಿಯಾದ ಶೇಕಡಾ 7.1ರ ಬಡ್ಡಿಯೇ ಮುಂದೆಯೂ ಇದ್ದರೆ (ಸರ್ಕಾರ ಮೂರು ತಿಂಗಳಿಗೊಮ್ಮೆ ನಿಗದಿ ಮಾಡುತ್ತದೆ, ಬದಲಾಗಲೂಬಹುದು), ಪ್ರತಿ ವರ್ಷ ಏಪ್ರಿಲ್ 5ರೊಳಗೆ 12,000 ಕಟ್ಟಿದವರಿಗೆ ಮೊದಲ ಐದು ವರ್ಷದಲ್ಲಿ ಸಿಗುವ ಬಡ್ಡಿ ಸುಮಾರು 14,000. ಇಷ್ಟೇನಾ ಅನಿಸುತ್ತದೆ. ಹದಿನೈದು ವರ್ಷಕ್ಕೆ ಗಂಟು ಸುಮಾರು 3,25,000 ಆಗುತ್ತದೆ. ಅಲ್ಲಿಗೆ ನಿಲ್ಲಿಸದೆ ಅರ್ಜಿ ಕೊಟ್ಟು ಇನ್ನೈದು ವರ್ಷ ಮುಂದುವರಿಸಿದರೆ, ಆ ಕೊನೆಯ ಐದು ವರ್ಷದ ಬಡ್ಡಿಯೇ 1,47,000! ಕಟ್ಟಿದ್ದು ಮಾತ್ರ ಅದೇ 60,000. ಹೆಪ್ಪು ಹಾಕಿದ ಹಾಲನ್ನು ತಾಸಿಗೊಮ್ಮೆ ಅಲುಗಿಸಿದರೆ ಮೊಸರು ಕಟ್ಟೀತೇ?

ನಮ್ಮ ಕಡೆ ರೊಕ್ಕದ ಮಾತು ಬಂತೆಂದರೆ ಸುಧಾ ಮೂರ್ತಿಯವರ ಕಥೆ ಬಾರದೆ ಇರದು. ನಮ್ಮಲ್ಲಿಂದ ಉಣಕಲ್ ಕೆರೆ ದಾಟಿದರೆ ಸಿಗುವ ಬಿ.ವಿ.ಬಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು. 1981ರಲ್ಲಿ ಇನ್ಫೋಸಿಸ್ ಶುರುಮಾಡಲು ಗಂಡನಿಗೆ ತಮ್ಮ ಉಳಿತಾಯದ 10,000 ರೂಪಾಯಿ ಕೊಟ್ಟರು. 1993ರಲ್ಲಿ ಷೇರೊಂದಕ್ಕೆ 95 ರೂಪಾಯಿಯಂತೆ ಮಾರಾಟಕ್ಕಿಟ್ಟಾಗ ಕೊಳ್ಳಲು ಜನ ಮುಗಿಬೀಳಲಿಲ್ಲ. ಈ ಕಥೆ ಹೇಳುವವರು ಒಂದು ಮಾತು ಬಿಟ್ಟುಬಿಡುತ್ತಾರೆ: ಆಗ ಸುಧಾ ಅವರಿಗೆ ನೌಕರಿಯಿತ್ತು, ಸಂಬಳ ಬರುತ್ತಿತ್ತು. ಮತ್ತೆ, ಆ ಕಾಲದಲ್ಲೇ ಷೇರು ಮಾರಿ ಹೇಳಹೆಸರಿಲ್ಲದಂತಾದ ಕಂಪನಿಗಳೂ ಎಷ್ಟೋ ಇವೆ. ಅದಕ್ಕೇ ನನಗೆ ಒಂದೇ ಕಂಪನಿಯ ಷೇರಿಗಿಂತ ಹತ್ತಾರು ಕಂಪನಿಗಳಿರುವ ಫಂಡೇ ವಾಸಿ ಅನಿಸುತ್ತದೆ. ಆರು ತಿಂಗಳಲ್ಲಿ ದುಪ್ಪಟ್ಟು ಮಾಡಿಕೊಡುತ್ತೇನೆ ಎಂದು ಬಂದವರಿಗೆ ಚಹಾ ಕೊಟ್ಟು ಕಳಿಸಿ, ರೊಕ್ಕ ಕೊಡಬೇಡಿ.

2021ರಲ್ಲಿ ಮೊದಲು ಸಣ್ಣ ಡಬ್ಬಿ ತುಂಬಿಸಿದೆ. ಆಮೇಲೆ ಕಂತು ಮತ್ತೆ ಶುರುಮಾಡಿದೆ, ಈ ಸಲ 1,000. ನಡುವೆ ಒಮ್ಮೆ ಪೇಟೆ ಬಿದ್ದಾಗ ನಮ್ಮವರು ಪೇಪರಿನಿಂದ ತಲೆಯೆತ್ತಿ, “ತಗದಬಿಡೂಣೇನು?” ಎಂದರು. ಸಣ್ಣ ಡಬ್ಬಿಯಲ್ಲಿ ಎಷ್ಟಿದೆ ಎಂದು ಹೇಳಿದೆ. ಸುಮ್ಮನೆ ಪುಟ ತಿರುವಿದರು.

ಬಂಗಾರ ಕೊಳ್ಳಬೇಕೋ ಬೇಡವೋ ಎನ್ನುವುದು ಮುಂದಿನ ಸಂಚಿಕೆಗೆ. ಅದರಲ್ಲಿ ಅತ್ತೆಯವರಿಗೂ ನನಗೂ ಇನ್ನೂ ಒಮ್ಮತವಿಲ್ಲ.