ನಾಲ್ವರು ಕೂಡಿ ಕೊಂಡ ಕಾಗದ

ಕನ್ನಡದ ಗೃಹಿಣಿಗೆ ಕತ್ತರಿ ಮತ್ತು ಅಂಟಿನ ಸಹವಾಸ ಹೊಸದೇನೂ ಅಲ್ಲ. ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿಯ ಪುಟಗಳನ್ನು ವಾರವಾರವೂ ಬಿಡಿಸಿ ಜೋಡಿಸಿಟ್ಟು, ಕಡೆಯ ಕಂತು ಮುಗಿದ ಮೇಲೆ ಹೊಲಿಸಿ, ರಟ್ಟು ಕಟ್ಟಿಸಿ, ನೆರೆಮನೆಯಾಕೆಗೆ ಓದಲು ಕೊಟ್ಟು, ಅದು ಹಿಂದಿರುಗುವವರೆಗೆ ಎದೆಯಲ್ಲಿ ಅವಲಕ್ಕಿ ಕುಟ್ಟಿಸಿಕೊಂಡವರು ಎಷ್ಟೋ ಮಂದಿ. ರಂಗೋಲಿಯ ಮಾದರಿ, ಕಸೂತಿಯ ನಕ್ಷೆ, ಉಪ್ಪಿನಕಾಯಿಯ ವಿಧಾನ ಇವೆಲ್ಲವೂ ಹಳೆಯ ಲೆಕ್ಕದ ಪುಸ್ತಕದೊಳಗೆ ಅಂಟಿಕೊಂಡು ತಾಯಿಯಿಂದ ಮಗಳಿಗೆ ಬಂದ ಮನೆಗಳು ಇಂದಿಗೂ ಉಂಟು.

ಈ ಹವ್ಯಾಸಕ್ಕೆ ಈಗ ಸ್ಕ್ರ್ಯಾಪ್‌ಬುಕ್ ಎಂಬ ಹೆಸರು ರೂಢಿಗೆ ಬಂದಿದೆ. ಛಾಯಾಚಿತ್ರಗಳನ್ನೂ, ರೈಲಿನ ಚೀಟಿಯನ್ನೂ, ಮಗುವಿನ ಮೊದಲ ಗೀಚುಬರಹವನ್ನೂ ಅಂದವಾಗಿ ಜೋಡಿಸಿ, ಪಕ್ಕದಲ್ಲಿ ನಾಲ್ಕು ಮಾತು ಬರೆದಿಡುವ ನೆನಪಿನ ಪುಸ್ತಕವಿದು. ಹೆಸರಾಂತ ಅಮೆರಿಕನ್ ಸಾಹಿತಿ ಮಾರ್ಕ್ ಟ್ವೇನ್ ಕೂಡ ಈ ಗೀಳಿನವನೇ. ಅಂಟಿನ ಗಲೀಜಿನಿಂದ ಬೇಸತ್ತು, ನೀರು ಸವರಿದರೆ ತಾನೇ ಅಂಟುವ ಪುಟಗಳ ಪುಸ್ತಕವೊಂದನ್ನು ಕಲ್ಪಿಸಿ 1873ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು. 1980ರಲ್ಲಿ ಅದೇ ದೇಶದ ಯೂಟಾ ಪ್ರಾಂತದ ಮರಿಯೆಲೆನ್ ಕ್ರಿಸ್ಟೆನ್‌ಸೆನ್ ಎಂಬ ಗೃಹಿಣಿ ತನ್ನ ಸಂಸಾರದ ನೆನಪಿನ ಸಂಪುಟಗಳನ್ನು ಸಾಲ್ಟ್ ಲೇಕ್ ನಗರದ ಸಮ್ಮೇಳನವೊಂದರಲ್ಲಿ ಪ್ರದರ್ಶಿಸಿದ ಮೇಲೆ ಈ ಕಲೆ ಮತ್ತೆ ಚಿಗುರಿತು. ಅದರ ಬೆನ್ನಿಗೇ ಅದಕ್ಕೆ ಬೇಕಾದ ಸರಕುಗಳ ದೊಡ್ಡ ವ್ಯಾಪಾರವೂ ಬೆಳೆಯಿತು.

ತೊಂದರೆ ಇರುವುದು ಈ ವ್ಯಾಪಾರದಲ್ಲಿಯೇ. ಗಾಜಿನ ಬಾಗಿಲಿನ ಅಂಗಡಿಯಲ್ಲಿ ಬಣ್ಣದ ಹಾಳೆ ಬಿಡಿಬಿಡಿಯಾಗಿ ಬೆಲೆಚೀಟಿ ಹೊತ್ತು ನಿಂತಿರುತ್ತದೆ. ಆರು ಹಾಳೆ, ಒಂದು ಅಂಗೈಯಗಲದ ಜರಿಪಟ್ಟಿ, ಹನ್ನೆರಡು ಗುಂಡಿ, ಒಂದು ಚಿಟಿಕೆ ಮಣಿ ಎನ್ನುವಷ್ಟರಲ್ಲಿ ಕೈಚೀಲದ ತಳ ಕಾಣಿಸುತ್ತದೆ. ಅದೇ ಸರಕು ಸಗಟು ಪೇಟೆಯಲ್ಲಿ ಎಷ್ಟೋ ಕಡಮೆಗೆ ದೊರೆಯುವುದುಂಟು. ಆದರೆ ಅಲ್ಲಿಯ ವರ್ತಕನು ಹಾಳೆಯನ್ನು ಬಿಡಿಯಾಗಿ ಕೊಡುವವನಲ್ಲ. ಕಾಗದವೆಂದರೆ ಅವನ ಲೆಕ್ಕದಲ್ಲಿ 500 ಹಾಳೆಗಳ ರೀಮು, ಗುಂಡಿಯೆಂದರೆ 144ರ ಗ್ರೋಸು, ಮಣಿಯೆಂದರೆ ತೂಕ, ಜರಿಪಟ್ಟಿಯೆಂದರೆ ಇಡೀ ಸುರುಳಿ. ಒಂದು ಮನೆಗೆ ಇಷ್ಟೆಲ್ಲ ಏತಕ್ಕೆ? ನಾಲ್ಕು ಮನೆಗಳಿಗಾದರೆ ಹೇಳಿಮಾಡಿಸಿದಂತೆ. ಗೆಳತಿಯರು ಕೂಡಿಹೋಗಬೇಕೆನ್ನುವುದು ಹರಟೆಯ ಸುಖಕ್ಕಾಗಿ ಮಾತ್ರವಲ್ಲ. ಸಗಟಿನ ಬೆಲೆ ಎಂಬ ಬಾಗಿಲು ತೆರೆಯುವುದೇ ಗುಂಪಿಗೆ.

ಬೆಂಗಳೂರಿನವರಿಗೆ ಈ ಬಾಗಿಲು ದೂರವೇನಿಲ್ಲ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರೆನ್ನುವ ಹಳೆಯ ಪೇಟೆಯ ನಡುಭಾಗಕ್ಕೆ 2017ರ ಜೂನ್ ತಿಂಗಳಿಂದ ನೆಲದಡಿಯ ಮೆಟ್ರೋ ರೈಲು ಬರುತ್ತದೆ. ಚಿಕ್ಕಪೇಟೆಯ ನಿಲ್ದಾಣದಲ್ಲಿ ಇಳಿದು ಮೇಲೇರಿದರೆ ಸುತ್ತಲಿನ ಒಂದೊಂದು ಪೇಟೆಯೂ ಒಂದೊಂದು ಸರಕಿಗೆ ಹೆಸರಾದದ್ದು. ಒಂದು ಕಾಲಕ್ಕೆ ದೊಡ್ಡಪೇಟೆ ಎನಿಸಿಕೊಂಡಿದ್ದ ಅವೆನ್ಯೂ ರಸ್ತೆಯಲ್ಲಿ ಪುಸ್ತಕ ಮತ್ತು ಲೇಖನ ಸಾಮಗ್ರಿ. ಸುಲ್ತಾನಪೇಟೆಯಲ್ಲಿ ಕಾಗದ, ಮುದ್ರಣ ಮತ್ತು ಲಗ್ನಪತ್ರಿಕೆ. ಮಾಮೂಲುಪೇಟೆಯಲ್ಲಿ ಮಣಿ ಮತ್ತು ಅಲಂಕಾರದ ವಸ್ತು. ರಾಜಾ ಮಾರುಕಟ್ಟೆಯಲ್ಲಿ ಒಡವೆ ಕಟ್ಟುವ ಸಾಮಾನು. ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಿಗೆ ಅಬ್ದುಲ್ ರೆಹಮಾನ್ ಬೀದಿಯೂ, ದೆಹಲಿಯವರಿಗೆ ಚಾವಡಿ ಬಾಜಾರವೂ ಇದೇ ಬಗೆಯವು. ಭಾನುವಾರ ಸಗಟು ಅಂಗಡಿಗಳಿಗೆ ಬಹುಮಟ್ಟಿಗೆ ಬೀಗ. ವಾರದ ನಡುವೆ, ಬೆಳಗಿನ ಹೊತ್ತು, ಓಣಿಗಳಲ್ಲಿ ಕೈಗಾಡಿಗಳ ಭರಾಟೆ ಏರುವ ಮೊದಲೇ ಹೋಗುವುದು ಜಾಣತನ.

ಹೊರಡುವ ಮುನ್ನ ಮನೆಯಲ್ಲೇ ಮಾಡಿ ಮುಗಿಸಬೇಕಾದ ಕೆಲಸವೊಂದಿದೆ. ಅದು ಪುಸ್ತಕದ ಅಳತೆಯನ್ನು ಗೊತ್ತುಮಾಡಿಕೊಳ್ಳುವುದು. ಅಮೆರಿಕದಿಂದ ಬಂದ ಪದ್ಧತಿಯಂತೆ ಸ್ಕ್ರ್ಯಾಪ್‌ಬುಕ್ಕಿನ ಪುಟ 12 ಅಂಗುಲದ ಚೌಕ. ನಮ್ಮ ಪೇಟೆಯಲ್ಲಿ ದೊರೆಯುವ ಸಾಮಾನ್ಯ ಚಾರ್ಟ್ ಹಾಳೆಯಾದರೋ 22 ಅಂಗುಲ ಅಗಲ, 28 ಅಂಗುಲ ಉದ್ದ. ಅದರಿಂದ 12 ಅಂಗುಲದ ಚೌಕ ಕತ್ತರಿಸಿದರೆ ಎರಡೇ ಪುಟಗಳು ಬಂದು, ಅರ್ಧಕ್ಕಿಂತ ಹೆಚ್ಚು ಹಾಳೆ ಚೂರಾಗಿ ಉಳಿಯುತ್ತದೆ. ಅದರ ಬದಲು 11ಕ್ಕೆ 14 ಅಂಗುಲದ ಪುಟವೆಂದು ನಿಶ್ಚಯಿಸಿಕೊಂಡರೆ ಅದೇ ಹಾಳೆಯಲ್ಲಿ ನಾಲ್ಕು ಪುಟಗಳು, ಒಂದು ಚೂರೂ ನಷ್ಟವಿಲ್ಲದೆ ಸಿಗುತ್ತವೆ. ಚಿಕ್ಕ ಪುಸ್ತಕ ಸಾಕೆನ್ನುವವರಿಗೆ 7ಕ್ಕೆ 11ರಂತೆ ಎಂಟು ಪುಟ. ಚೌಕಾಸಿಯಿಂದ ವರ್ತಕನು ರೂಪಾಯಿಗೆ ಹತ್ತು ಪೈಸೆ ಬಿಟ್ಟಾನು. ಅಳತೆಪಟ್ಟಿಯೊಂದು ಅರ್ಧ ಬೆಲೆಯನ್ನೇ ಉಳಿಸಿಕೊಟ್ಟಿತು.

ಎರಡನೆಯದು ಕಾಗದದ ದಪ್ಪ. ಅಂಗಡಿಯವನು ‘ಎಂಬತ್ತು ಜಿಎಸ್‌ಎಂ’, ‘ಇನ್ನೂರು ಜಿಎಸ್‌ಎಂ’ ಎಂದೊಡನೆ ತಲೆಯಾಡಿಸಿ ಸುಮ್ಮನಾಗಬೇಕಾಗಿಲ್ಲ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುವುದೆಂಬ ಲೆಕ್ಕವೇ ಅದು. ಎ4 ಎಂಬ ಅಳತೆಯ ಹದಿನಾರು ಹಾಳೆಗಳು ಸೇರಿದರೆ ಒಂದು ಚದರ ಮೀಟರ್. ಆದ್ದರಿಂದ 80 ಜಿಎಸ್‌ಎಂ ಕಾಗದದ ಒಂದು ಎ4 ಹಾಳೆ 5 ಗ್ರಾಂ. 500 ಹಾಳೆಗಳ ರೀಮು ಎರಡೂವರೆ ಕಿಲೋ. ಕಟ್ಟು ಇದಕ್ಕಿಂತ ಬಹಳ ಹಗುರವಾಗಿದ್ದರೆ ಹಾಳೆ ತೆಳುವಾಗಿದೆ, ಇಲ್ಲವೇ ಎಣಿಕೆ ಕಡಮೆಯಾಗಿದೆ ಎಂದು ತಕ್ಕಡಿಯೇ ಸಾಕ್ಷಿ ನುಡಿಯುತ್ತದೆ. ಚಿತ್ರಗಳ ಭಾರ ಹೊರುವ ಪುಟಕ್ಕೆ 200ಕ್ಕೆ ಮೇಲ್ಪಟ್ಟ ದಪ್ಪ ಒಳ್ಳೆಯದು. ಮೇಲಿನ ಅಲಂಕಾರಕ್ಕೆ ತೆಳುಹಾಳೆಯೇ ಸಾಕು.

ಇನ್ನು ಗುಂಪಿನ ಮಾತು. ನಾಲ್ವರಲ್ಲಿ ಒಬ್ಬಾಕೆ ಚೌಕಾಸಿಯಲ್ಲಿ ಗಟ್ಟಿಗಿತ್ತಿ. ಇನ್ನೊಬ್ಬಾಕೆಗೆ ಬಣ್ಣದ ಕಣ್ಣು. ಮತ್ತೊಬ್ಬಾಕೆ ಕಂಡದ್ದನ್ನೆಲ್ಲ ‘ಎಂದಾದರೂ ಬೇಕಾದೀತು’ ಎನ್ನುವವಳು. ಮಗದೊಬ್ಬಾಕೆ ‘ಇದು ಮನೆಯಲ್ಲಿಯೇ ಇದೆ’ ಎನ್ನುವವಳು. ಇಂತಹ ನಾಲ್ವರೂ ಇದ್ದರೇ ಗುಂಪು ಪೂರ್ಣ. ಕಡೆಯವಳ ಕೈಗೆ ಹಣದ ಚೀಲವನ್ನೂ, ಮೊದಲನೆಯವಳಿಗೆ ಮಾತನ್ನೂ ಒಪ್ಪಿಸತಕ್ಕದ್ದು. ಏನು ಕೊಳ್ಳಬೇಕು, ಯಾರಿಗೆ ಎಷ್ಟು ಪಾಲು ಎಂಬುದನ್ನು ಮೊದಲೇ ಬರೆದಿಟ್ಟುಕೊಂಡು, ಮನೆಗೆ ಮರಳಿದ ದಿನವೇ ಹಂಚಿ ಲೆಕ್ಕ ಮುಗಿಸಿಬಿಡಬೇಕು. ಒಂದು ಗ್ರೋಸು ಗುಂಡಿ ನಾಲ್ವರಿಗೆ ತಲಾ 36. ಒಂದು ರೀಮು ತಲಾ 125 ಹಾಳೆ. ಲೆಕ್ಕ ಶುದ್ಧವಾಗಿದ್ದರೆ ಸ್ನೇಹವೂ ಶುದ್ಧ. ‘ಇರಲಿ ಬಿಡು, ಆಮೇಲೆ ನೋಡೋಣ’ ಎಂಬ ಸೌಜನ್ಯದಿಂದ ಕೆಟ್ಟ ಸ್ನೇಹಗಳು ಜಗಳದಿಂದ ಕೆಟ್ಟವಕ್ಕಿಂತ ಕಡಮೆಯೇನಲ್ಲ.

ಇಷ್ಟೆಲ್ಲ ಉಳಿತಾಯದ ಮಾತಾಯಿತು. ಉಳಿಸಬಾರದ ಜಾಗವೊಂದಿದೆ; ಈ ವ್ಯಾಪಾರದಲ್ಲಿ ನಿಜವಾಗಿ ಎಚ್ಚರ ಬೇಕಾದದ್ದು ಅಲ್ಲಿಯೇ. ಅಗ್ಗವೆಂದು ಮುಗ್ಗಿದ ಜೋಳ ಕೊಂಡರೆ ಒಂದು ಹೊತ್ತಿನ ರೊಟ್ಟಿ ಕೆಟ್ಟೀತು. ಅಗ್ಗವೆಂದು ಕೆಟ್ಟ ಕಾಗದದ ಮೇಲೆ ಅಜ್ಜಿಯ ಚಿತ್ರವನ್ನು ಅಂಟಿಸಿದರೆ ಕೆಡುವುದು ಮರಳಿ ಬಾರದ ವಸ್ತು. ಎಷ್ಟೋ ಮನೆಗಳಲ್ಲಿ ಅಜ್ಜಿಯದೆಂದು ಉಳಿದಿರುವುದು ಒಂದೇ ಚಿತ್ರ: ಸ್ಟುಡಿಯೋದಲ್ಲಿ ಕುರ್ಚಿಯ ಪಕ್ಕಕ್ಕೆ ನಿಲ್ಲಿಸಿ ತೆಗೆದದ್ದು. ಅದರ ಮೂಲ ಫಲಕ ಎಲ್ಲಿದೆಯೆಂದು ಕೇಳಿದರೆ ಹೇಳುವವರಿಲ್ಲ.

ಕಾಗದ ಕೆಡುವುದೇಕೆ? ಹಿಂದೆ ಹತ್ತಿ ನಾರಿನ ಚಿಂದಿಬಟ್ಟೆಯಿಂದ ಮಾಡುತ್ತಿದ್ದ ಕಾಗದ ಶತಮಾನಗಳ ಕಾಲ ಬಾಳುತ್ತಿತ್ತು. ಮಸಿ ಹರಡದಂತೆ ಕಾಗದಕ್ಕೆ ರಾಳ ಮತ್ತು ಪಟಿಕ ಸೇರಿಸುವ ವಿಧಾನವನ್ನು ಜರ್ಮನಿಯ ಮೊರಿಟ್ಸ್ ಇಲ್ಲಿಗ್ 1807ರಲ್ಲಿ ಪ್ರಕಟಿಸಿದನು. ಕೆಲಸ ಸುಲಭವಾಯಿತು, ಆದರೆ ಪಟಿಕದಿಂದ ಕಾಗದದಲ್ಲಿ ಹುಳಿ ನಿಂತಿತು. ಮುಂದೆ ಮರದ ತಿರುಳನ್ನು ಅರೆದು ಕಾಗದ ಮಾಡತೊಡಗಿದಾಗ ಮರದಲ್ಲಿರುವ ಲಿಗ್ನಿನ್ ಎಂಬ ದ್ರವ್ಯವೂ ಅದರಲ್ಲಿ ಉಳಿಯಿತು. ಬಿಸಿಲಿನಲ್ಲಿ ಬಿಟ್ಟ ವೃತ್ತಪತ್ರಿಕೆ ಹಳದಿಯಾಗಿ, ಮುಟ್ಟಿದರೆ ಹಪ್ಪಳದಂತೆ ಮುರಿಯುವುದಕ್ಕೆ ಕಾರಣ ಇವೆರಡೇ. ಅಂತಹ ಕಾಗದ ತಾನು ಕೆಡುವುದಲ್ಲದೆ ತನ್ನ ಹುಳಿಯನ್ನು ಪಕ್ಕದ ಚಿತ್ರಕ್ಕೂ ದಾಟಿಸುತ್ತದೆ. ಆದ್ದರಿಂದ ಪುಟದ ಕಾಗದ ಕೊಳ್ಳುವಾಗ ‘ಆಮ್ಲರಹಿತ’, ‘ಲಿಗ್ನಿನ್‌ರಹಿತ’ ಎಂಬ ಮುದ್ರೆಯನ್ನು ಕಟ್ಟಿನ ಮೇಲೆ ಹುಡುಕಬೇಕು. ಹತ್ತಿಯ ಚಿಂದಿಯಿಂದ ಮಾಡಿದ ಕೈಕಾಗದವೂ ಚೆನ್ನ. ಆದರೆ ಅದನ್ನೂ ಕೇಳಿಯೇ ಕೊಳ್ಳತಕ್ಕದ್ದು. ಇಂತಹ ಕಾಗದದ ಬೆಲೆ ಹೆಚ್ಚು ನಿಜ. ಒಬ್ಬಳಿಗೆ ಭಾರವಾದ ಆ ಬೆಲೆಯನ್ನು ನಾಲ್ಕು ಹೆಗಲು ಸುಲಭವಾಗಿ ಹೊರುತ್ತವೆ. ಗೆಳತಿಯರ ಕೂಡುಕೊಳ್ಳುವಿಕೆಯ ನಿಜವಾದ ಲಾಭವಿರುವುದು ಇಲ್ಲಿ: ಅಗ್ಗದ್ದನ್ನು ಹೆಚ್ಚು ಕೊಳ್ಳುವುದರಲ್ಲಿ ಅಲ್ಲ, ಒಳ್ಳೆಯದನ್ನು ಕೈಗೆಟುಕಿಸಿಕೊಳ್ಳುವುದರಲ್ಲಿ.

ಅಂಟಿನ ಕಥೆಯೂ ಇದೇ. ಫೆವಿಕಾಲ್ 1959ರಲ್ಲಿ ಮಾರುಕಟ್ಟೆಗೆ ಬರುವ ಮುಂಚೆ ಮನೆಗಳಲ್ಲಿ ಮೈದಾ ಹಿಟ್ಟಿನ ಸರಿಯದೇ ರಾಜ್ಯ. ಅದು ಗಾಳಿಪಟಕ್ಕೂ ಪುಸ್ತಕದ ರಟ್ಟಿಗೂ ಸರಿಯೇ. ಚಿತ್ರಕ್ಕಾದರೋ ಹುಳುಗಳನ್ನು ಊಟಕ್ಕೆ ಕರೆದಂತೆ. ಹುಳು ಬಾರದಿರಲೆಂದು ಮೈಲುತುತ್ತ ಬೆರೆಸಿದ ಸರಿಯಂತೂ ಛಾಯಾಚಿತ್ರದ ಹತ್ತಿರ ಸುಳಿಯಬಾರದು. ಪಾರದರ್ಶಕ ಸೆಲೋ ಟೇಪು ಕೆಲವೇ ವರ್ಷಗಳಲ್ಲಿ ಕಂದಾಗಿ, ಕಲೆಯನ್ನು ಬಿಟ್ಟು ಉದುರಿಹೋಗುತ್ತದೆ. ಹೊಸ ಮಳೆಕೋಟಿನಂತೆ ಘಾಟು ಹೊಡೆಯುವ ಪಿವಿಸಿ ಹಾಳೆಯ ಆಲ್ಬಮ್ಮನ್ನು ಮೂಸಿನೋಡಿ ಹಿಂದಕ್ಕೆ ಕೊಡುವುದು ಲೇಸು. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಹಾಳೆಯಿಂದ ತೊಂದರೆಯಿಲ್ಲ.

ಚಿತ್ರಕ್ಕೆ ಅಂಟು ತಾಗದಂತೆ ನಿಲ್ಲಿಸುವ ಉಪಾಯ ಹಳೆಯ ಕಪ್ಪು ಹಾಳೆಯ ಆಲ್ಬಮ್ಮುಗಳಲ್ಲಿಯೇ ಇತ್ತು: ನಾಲ್ಕು ಮೂಲೆಗಳಿಗೆ ನಾಲ್ಕು ಕಾಗದದ ಟೊಪ್ಪಿಗೆ. ಅರ್ಧ ಅಂಗುಲ ಅಗಲ, ಎರಡು ಅಂಗುಲ ಉದ್ದದ ಆಮ್ಲರಹಿತ ಕಾಗದದ ಪಟ್ಟಿಯನ್ನು ತೆಗೆದುಕೊಂಡು, ಅದರ ಎರಡು ತುದಿಗಳನ್ನೂ ನಡುವಿನಿಂದ ಕೆಳಕ್ಕೆ ಓರೆಯಾಗಿ ಮಡಿಸಿದರೆ ಮೇಲೆ ಮೊನೆಯಾಗುತ್ತದೆ. ಕೆಳಗೆ ಇಳಿಬಿದ್ದ ತುದಿಗಳನ್ನು ಕತ್ತರಿಸಿ, ಚಿತ್ರದ ಮೂಲೆಯನ್ನು ಮಡಿಕೆಯೊಳಗೆ ಸೇರಿಸಿ, ಟೊಪ್ಪಿಗೆಯ ಬೆನ್ನಿಗೆ ಮಾತ್ರ ಅಂಟು ಹಚ್ಚಿ ಪುಟದ ಮೇಲೆ ಒತ್ತಬೇಕು. ಬೇಕಾದಾಗ ಚಿತ್ರವನ್ನು ನೋವಿಲ್ಲದೆ ಹೊರಕ್ಕೆ ತೆಗೆಯಬಹುದು. ಒಂದೇ ಪ್ರತಿಯಿರುವ ಚಿತ್ರವಾದರೆ ಅದರ ನಕಲನ್ನು ಪುಟಕ್ಕೆ ಹಾಕಿ, ಮೂಲವನ್ನು ಲಕೋಟೆಯಲ್ಲಿಡುವುದು ಇನ್ನೂ ಕ್ಷೇಮ.

ಪುಟದ ಅಲಂಕಾರದಲ್ಲಿ ಬೇಕಾದಷ್ಟು ಕೈ ಬಿಗಿಹಿಡಿಯಬಹುದು. ಮನೆಗೆ ಬಂದ ಲಗ್ನಪತ್ರಿಕೆಗಳ ಚಿನ್ನದ ಅಂಚು, ಸವೆದ ಸೀರೆಯ ಜರಿ, ದರ್ಜಿಯ ಅಂಗಡಿಯ ಬಟ್ಟೆಚೂರು, ಹರಿದ ಅಂಗಿಯ ಗುಂಡಿ ಇವಕ್ಕೆ ಕಾಸು ಬೇಕಿಲ್ಲ. ಚಿತ್ರಕ್ಕೆ ತಾಗದೆ ದೂರವಿರುವಂತೆ ನೋಡಿಕೊಂಡರಾಯಿತು. ಕಣ್ಣಿಗೆ ಕಾಣುವುದರಲ್ಲಿ ಉಳಿಸಬಹುದು, ಚಿತ್ರಕ್ಕೆ ತಾಗುವುದರಲ್ಲಿ ಉಳಿಸಬಾರದು. ಪೇಟೆಗೆ ಹೊರಟ ಗೆಳತಿಯರು ಚೀಟಿಯ ತಲೆಯಲ್ಲಿ ಇದೊಂದನ್ನು ಬರೆದುಕೊಂಡರೆ ಸಾಕು.

ಸಿಪ್ಪೆ ಎತ್ತಿ ಚಿತ್ರ ಅಂಟಿಸುವ ಆಲ್ಬಮ್ಮುಗಳು 1970 ಮತ್ತು 1980ರ ದಶಕಗಳಲ್ಲಿ ಬಹಳ ಬಳಕೆಯಲ್ಲಿದ್ದವು. ಅವುಗಳ ಅಂಟು ಈಗ ಹಳದಿಯಾಗಿ ಚಿತ್ರಗಳನ್ನು ಕಚ್ಚಿಕೊಂಡಿದೆ. ಅಂತಹ ಪುಟವನ್ನು ಮೊದಲು ಇದ್ದಂತೆಯೇ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡು, ಬಳಿಕ ಹಲ್ಲಿನ ಸಂದು ಶುಚಿಮಾಡುವ ಸಣ್ಣ ದಾರವನ್ನು ಚಿತ್ರದ ಅಡಿಗೆ ತೂರಿಸಿ ಗರಗಸದಂತೆ ಮೆಲ್ಲಗೆ ಎಳೆದರೆ ಬಹಳಷ್ಟು ಚಿತ್ರಗಳು ಬಿಟ್ಟುಬರುತ್ತವೆ. ಬಾರದಿದ್ದರೆ ಬಲಾತ್ಕಾರ ಕೂಡದು.

ಕಡೆಯದಾಗಿ, ಇಡೀ ಪಟ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗದ ವಸ್ತು ಒಂದು ಮೆತ್ತನೆಯ ಪೆನ್ಸಿಲ್ಲು. ಚಿತ್ರದ ಹಿಂಭಾಗದಲ್ಲಿ, ಅಂಚಿನ ಬಳಿ, ಒತ್ತದೆ ಬರೆಯಲು ಅದೇ ತಕ್ಕದ್ದು. ಬಾಲ್‌ಪೆನ್ನು ಒತ್ತಿದ ಗೆರೆ ಮುಂಭಾಗಕ್ಕೆ ಮೂಡುತ್ತದೆ. ಚಿತ್ರದಲ್ಲಿರುವವರು ಯಾರು, ಯಾವ ಊರು, ಯಾವ ವರ್ಷ ಎಂಬುದನ್ನು ಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಅವರ ಪಕ್ಕದಲ್ಲಿ ಕುಳಿತು ಬರೆದುಕೊಳ್ಳಬೇಕು. ಕಾಗದವನ್ನು ಮುಂದಿನ ತಿಂಗಳೂ ಸುಲ್ತಾನಪೇಟೆಯಿಂದ ತರಬಹುದು. ಆ ಹೆಸರುಗಳನ್ನು ಮಾರುವ ಅಂಗಡಿ ಯಾವ ಪೇಟೆಯಲ್ಲಿಯೂ ಇಲ್ಲ.