ಬಾಣ ತಿರುಗಿದ ದಿಕ್ಕು

ಕಿಶೋರರಿಗಾಗಿ ಬರೆದ ಕಾದಂಬರಿಯೆಂದರೆ ಹಗುರವಾದ ಓದು ಎಂದು ಭಾವಿಸುವವರು ಅಮೆರಿಕದ ಲೇಖಕಿ ಸೂಸನ್ ಕಾಲಿನ್ಸ್ 2010ರಲ್ಲಿ ಪ್ರಕಟಿಸಿದ ‘ಮಾಕಿಂಗ್‌ಜೇ’ಯನ್ನು ಓದಿ ನೋಡಬೇಕು. 2008ರ ‘ದಿ ಹಂಗರ್ ಗೇಮ್ಸ್’ನಿಂದ ಆರಂಭವಾದ ಕಥೆಯ ಮೂರನೆಯ ಸಂಪುಟವಿದು.

ಪನೆಮ್ ಎಂಬುದೊಂದು ಕಲ್ಪಿತ ರಾಷ್ಟ್ರ. ಹಿಂದೊಮ್ಮೆ ದಂಗೆಯೆದ್ದುದಕ್ಕೆ ದಂಡವಾಗಿ ಅಲ್ಲಿನ 12 ಜಿಲ್ಲೆಗಳು ವರ್ಷಕ್ಕೊಮ್ಮೆ ತಲಾ ಒಬ್ಬ ಹುಡುಗನನ್ನೂ ಒಬ್ಬ ಹುಡುಗಿಯನ್ನೂ ರಾಜಧಾನಿಗೆ ಒಪ್ಪಿಸಬೇಕು. ಆ ಮಕ್ಕಳು ಒಬ್ಬರನ್ನೊಬ್ಬರು ಕೊಲ್ಲುವುದನ್ನು ದೇಶವೆಲ್ಲ ಕುಳಿತು ನೋಡಬೇಕು! ಚೀಟಿಯಲ್ಲಿ ತಂಗಿಯ ಹೆಸರು ಬರಲು, ಅವಳಿಗೆ ಬದಲಾಗಿ ತಾನೇ ಹೊರಟ ಬಿಲ್ಲುಗಾತಿ ಕ್ಯಾಟ್‌ನಿಸ್ ಮುಂದೆ ಬಂಡಾಯದ ಸಂಕೇತವಾಗುತ್ತಾಳೆ.

ಬಂಡಾಯವೇನೋ ಗೆಲ್ಲುತ್ತದೆ. ಆದರೆ ಗೆಲುವಿನ ಹೊಸ್ತಿಲಲ್ಲೇ ರಾಜಧಾನಿಯ ಮಕ್ಕಳ ಮೇಲೆ ಬಾಂಬು ಬೀಳುತ್ತದೆ. ಶುಶ್ರೂಷೆಗೆ ಧಾವಿಸಿದವರು ಎರಡನೆಯ ಸ್ಫೋಟಕ್ಕೆ ಸಿಕ್ಕುತ್ತಾರೆ. ಆ ತಂಗಿಯೂ ಅವರಲ್ಲೊಬ್ಬಳು. ಇಂಥ ಬಾಂಬಿನ ಉಪಾಯ ಹುಟ್ಟಿದುದು ಬಂಡಾಯಗಾರರ ಪಾಳೆಯದಲ್ಲಿಯೇ. ಸಾಲದುದಕ್ಕೆ, ಸೋತವರ ಮಕ್ಕಳಿಂದಲೂ ಒಮ್ಮೆ ಅದೇ ಆಟವಾಡಿಸೋಣವೆನ್ನುತ್ತಾಳೆ, ನಾಯಕಿ ಕಾಯಿನ್. ಸೆರೆಸಿಕ್ಕ ಹಳೆಯ ಅಧ್ಯಕ್ಷನನ್ನು ಕೊಲ್ಲಲು ಬಿಲ್ಲು ಹಿಡಿದು ನಿಂತ ಕ್ಯಾಟ್‌ನಿಸ್‌ಳ ಬಾಣ ಕಾಯಿನ್‌ಳ ಎದೆಗೆ ತಿರುಗುತ್ತದೆ.

ಕಾಲಿನ್ಸ್ ಅವರ ತಂದೆ ವಿಯೆಟ್ನಾಂ ಯುದ್ಧದಲ್ಲಿ ಸೇವೆ ಸಲ್ಲಿಸಿದವರು. ಯುದ್ಧವು ಮನೆಗೂ ಬರುತ್ತದೆಂಬುದನ್ನು ಲೇಖಕಿ ಎಳವೆಯಲ್ಲೇ ಅರಿತಿರಬೇಕು.

2014ರಲ್ಲಿ ಥಾಯ್ಲೆಂಡಿನಲ್ಲಿ, 2021ರಲ್ಲಿ ಮ್ಯಾನ್ಮಾರಿನಲ್ಲಿ ಸೈನ್ಯವು ಅಧಿಕಾರವನ್ನು ಕಸಿದುಕೊಂಡಾಗ, ಪ್ರತಿಭಟಿಸಿದ ತರುಣರು ಈ ಕಥೆಯ ಮೂರು ಬೆರಳಿನ ವಂದನೆಯನ್ನೇ ತಮ್ಮದಾಗಿಸಿಕೊಂಡರು. ಆ ವಂದನೆಯೊಡನೆ ಕ್ಯಾಟ್‌ನಿಸ್‌ಳ ಕೊನೆಯ ಬಾಣವನ್ನೂ ನೆನಪಿನಲ್ಲಿಡುವುದು ಕ್ಷೇಮ. ಅನ್ಯಾಯವು ನಮ್ಮ ಪಕ್ಷಕ್ಕೆ ಬಂದು ಸೇರಿದ ಮಾತ್ರಕ್ಕೆ ನ್ಯಾಯವಾಗದು.